ಇನ್ವೆಸ್ಟರ್ ವೀಸಾಕ್ಕೆ ಎಷ್ಟು ತಿಂಗಳು? ಮುಂಬೈ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮಾಟುಂಗದ ಒಂದು ತೆರಿಗೆ ಸಲಹೆಗಾರರ ಆಫೀಸಿನಲ್ಲಿ ಹೂಡಿಕೆ ವೀಸಾದ ಫೈಲುಗಳಿಗೆ ಹಣದ ದಾಖಲೆ ಜೋಡಿಸಿ ಕೊಡುವುದು ನನ್ನ ಕೆಲಸ. ಬರುವವರಲ್ಲಿ ಉಡುಪಿ, ಕುಂದಾಪುರ ಕಡೆಯ ಹೋಟೆಲಿನವರು ಜಾಸ್ತಿ. ಡೊಂಬಿವಲಿ, ಮುಲುಂಡ್‌ನಲ್ಲಿ ನೆಲೆಸಿದ ಧಾರವಾಡ, ವಿಜಯಪುರದವರು, ಪುಣೆಯ ಐಟಿ ಮನೆಯವರು, ಮಡಗಾಂವ್, ವಾಸ್ಕೋದಿಂದ ಫೋನ್ ಮಾಡುವವರೂ ಇದ್ದಾರೆ. ಎಲ್ಲರ ಮೊದಲ ಮಾತು ಒಂದೇ: "ಎಷ್ಟು ತಿಂಗಳು ಹಿಡಿಯುತ್ತದೆ?" ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ನೀವು ಹುಟ್ಟಿದ್ದು ಎಲ್ಲಿ? ದುಡ್ಡು ಬಂದದ್ದು ಎಲ್ಲಿಂದ? ಇವೆರಡು ಕೇಳದೆ ತಿಂಗಳ ಲೆಕ್ಕ ಹೇಳುವವರನ್ನು ನಂಬಬೇಡಿ. ನಾನು ವಕೀಲನಲ್ಲ. ಅರ್ಜಿ ಹಾಕುವ ಮೊದಲು ಆ ದೇಶದ ಕಾನೂನು ಓದಿದ ವಕೀಲರ ಹತ್ತಿರ ಕೂತು ಮಾತಾಡಲೇಬೇಕು.

ಎಲ್ಲರಿಗೂ ಅದೇ ಫಾರಂ, ಅದೇ ಫೀಸು. ಮತ್ತೆ ಒಂದು ದೇಶದವರಿಗೆ ಬೇಗ, ಇನ್ನೊಂದು ದೇಶದವರಿಗೆ ತಡ ಯಾಕೆ?

ಕೆಲವು ಕಡೆ ದೇಶವಾರು ಕೋಟಾ ಇದೆ. ಹೂಡಿಕೆಗೆ ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ) ಕೊಡುವ ಅಮೆರಿಕದ ಇಬಿ-5 ಅಂಥದ್ದು. ಕೋಟಾ ಇಲ್ಲದ ಕಡೆಯೂ ಹಿನ್ನೆಲೆ ಪರಿಶೀಲನೆ ಎಲ್ಲರಿಗೂ ಒಂದೇ ಸಮ ನಡೆಯುವುದಿಲ್ಲ. ನಿರ್ಬಂಧ ಇರುವ ದೇಶದವರ ಬ್ಯಾಂಕ್ ಹಣವನ್ನು ಮೂರು ಸಲ ನೋಡುತ್ತಾರೆ. ಕೆಲವೊಮ್ಮೆ ಬಾಗಿಲೇ ಮುಚ್ಚುತ್ತದೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಕೂಡಲೇ ಪೋರ್ಚುಗಲ್ ರಷ್ಯನ್ನರ ಗೋಲ್ಡನ್ ವೀಸಾ (ಹೂಡಿಕೆಗೆ ಪ್ರತಿಯಾಗಿ ಕೊಡುವ ವಾಸದ ಪರವಾನಗಿ) ಅರ್ಜಿಗಳನ್ನು ತಡೆಹಿಡಿಯಿತು. 2025ರ ಜೂನ್‌ನಲ್ಲಿ ಅಮೆರಿಕ ಪ್ರವೇಶ ನಿಷೇಧ ಹೇರಿದ ದೇಶಗಳಲ್ಲಿ ಇರಾನ್ ಕೂಡ ಇತ್ತು.

ಇನ್ನೊಂದು ಕಾರಣ ಯಾರ ಗಮನಕ್ಕೂ ಬರುವುದಿಲ್ಲ. ದುಡ್ಡು ತನ್ನ ದೇಶದಿಂದ ಹೊರಗೆ ಬರುವುದೇ ಕಷ್ಟ. ಚೀನಾದಲ್ಲಿ ಒಬ್ಬರಿಗೆ ವರ್ಷಕ್ಕೆ 50,000 ಡಾಲರ್ ವಿದೇಶಿ ವಿನಿಮಯದ ಮಿತಿ. ನಮ್ಮಲ್ಲಿ 2,50,000. ದುಬೈನವರಿಗೆ ಆ ತಲೆನೋವೇ ಇಲ್ಲ. ಹಣ ಎಷ್ಟು ಕೈ ದಾಟಿ ಬಂದಿರುತ್ತದೋ ಅಷ್ಟು ಕಾಗದ ತೋರಿಸಬೇಕು.

ಅಮೆರಿಕದ ಏಳು ಪರ್ಸೆಂಟ್ ಲೆಕ್ಕ ಏನು?

ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಅದರಲ್ಲಿ ಶೇ 7.1 ಇಬಿ-5 ಪಾಲು, ಅಂದರೆ ಹತ್ತಿರ ಹತ್ತಿರ 9,940. ಒಂದು ದೇಶಕ್ಕೆ ಶೇ 7 ಮಿತಿ. ಗುಣಿಸಿದರೆ ಸುಮಾರು 700 ವೀಸಾ.

700 ಹೂಡಿಕೆದಾರರು ಅಂದುಕೊಳ್ಳಬೇಡಿ. ಹೆಂಡತಿ, ಮಕ್ಕಳು ಎಲ್ಲರೂ ಅದೇ ಲೆಕ್ಕದಲ್ಲಿ. ನಾಲ್ಕು ಜನರ ಮನೆ ಅಂದರೆ ನಾಲ್ಕು ವೀಸಾ. ಹಾಗೆ ನೋಡಿದರೆ ಇಡೀ ಭಾರತಕ್ಕೆ ವರ್ಷಕ್ಕೆ 175 ಕುಟುಂಬ. ಮಲಬಾರ್ ಹಿಲ್ ಒಂದರಿಂದಲೇ ತುಂಬಿಸಬಹುದು! ಬೇರೆ ದೇಶದವರು ಬಳಸದೆ ಬಿಟ್ಟದ್ದು ಹಳೆಯ ಅರ್ಜಿದಾರರಿಗೆ ಸಿಗುತ್ತದೆ. ಹಾಗಾಗಿ ಚೀನಾ, ಭಾರತಕ್ಕೆ ಆಗಾಗ 700ಕ್ಕಿಂತ ಜಾಸ್ತಿಯೇ ಬರುವುದುಂಟು. ಆದರೆ ಅದನ್ನು ನೆಚ್ಚಿಕೊಂಡು ಮಗಳ ಕಾಲೇಜು ಪ್ಲಾನ್ ಮಾಡಬಾರದು. ಬ್ರೆಜಿಲ್‌ನವರಿಗೋ ಜರ್ಮನಿಯವರಿಗೋ ಈ ಕೋಟಾದ ಕ್ಯೂ ಇಲ್ಲ. ಅರ್ಜಿ ಪಾಸಾದರೆ ವೀಸಾ ನಂಬರ್ ಸಿದ್ಧ.

ಲೆಕ್ಕಕ್ಕೆ ಬರುವುದು ಪಾಸ್‌ಪೋರ್ಟೋ, ಹುಟ್ಟಿದ ಊರೋ?

ಇಬಿ-5ರಲ್ಲಿ ಹುಟ್ಟಿದ ದೇಶ. ಇದನ್ನು ಕೇಳಿ ತುಂಬಾ ಜನ ಬೆಚ್ಚುತ್ತಾರೆ. ನೀವು ಕೆನಡಾ ಪಾಸ್‌ಪೋರ್ಟ್ ಹಿಡಿದುಕೊಂಡಿದ್ದರೂ ಹುಟ್ಟಿದ್ದು ಹುಬ್ಬಳ್ಳಿಯಲ್ಲಾದರೆ ಭಾರತದ ಕ್ಯೂನಲ್ಲೇ ನಿಲ್ಲಬೇಕು.

ಆದರೆ ಗಂಡ ಅಥವಾ ಹೆಂಡತಿ ಬೇರೆ ದೇಶದಲ್ಲಿ ಹುಟ್ಟಿದ್ದರೆ ಆ ದೇಶದ ಲೆಕ್ಕಕ್ಕೆ ಇಬ್ಬರೂ ಸೇರಬಹುದು. ಕರಾವಳಿಯ ಮನೆಗಳಲ್ಲಿ ಇದು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಎಂಬತ್ತರ ದಶಕದಲ್ಲಿ ಕುವೈತ್, ಬಹರೈನ್, ಅಬುಧಾಬಿಗೆ ಹೋದವರು ಎಷ್ಟು ಜನ! ಅಲ್ಲಿ ಹುಟ್ಟಿದ ಮಕ್ಕಳಿಗೆ ಇವತ್ತು ಮದುವೆಯಾಗಿದೆ. ಸೊಸೆ ಹುಟ್ಟಿದ್ದು ಕುವೈತ್‌ನಲ್ಲಿ ಅಂತಾದರೆ ಮಗನ ಅರ್ಜಿ ಕುವೈತ್ ಲೆಕ್ಕಕ್ಕೆ ಹೋಗಬಹುದು. ಅವಳ ಪಾಸ್‌ಪೋರ್ಟ್ ಭಾರತದ್ದೇ ಇದ್ದರೂ ಪರವಾಗಿಲ್ಲ. ಬೀರುವಿನ ಒಳಗಿರುವ ಆ ಅರಬಿ ಜನನ ಪ್ರಮಾಣಪತ್ರವನ್ನು ಮೊದಲು ಹುಡುಕಿ.

ಮಗು ಅಮೆರಿಕದಲ್ಲೋ ದುಬೈಯಲ್ಲೋ ಹುಟ್ಟಿದ್ದರೆ ಅಪ್ಪ ಅಮ್ಮನಿಗೆ ಲಾಭ ಇದೆಯಾ?

ಇಲ್ಲ. ಮಗುವಿನ ಹುಟ್ಟಿನಿಂದ ಹೆತ್ತವರ ಕ್ಯೂ ಬದಲಾಗುವುದಿಲ್ಲ.

ಹಾಗಾದರೆ ಭಾರತದಲ್ಲಿ ಹುಟ್ಟಿದವರಿಗೆ ದಾರಿಯೇ ಇಲ್ಲವಾ?

ಇದೆ. 2022ರ ಮಾರ್ಚ್‌ನಲ್ಲಿ ಇಬಿ-5 ಕಾನೂನು ಬದಲಾಯಿತು. ಒಟ್ಟು ವೀಸಾದಲ್ಲಿ ಶೇ 20 ಗ್ರಾಮೀಣ ಯೋಜನೆಗಳಿಗೆ, ಶೇ 10 ನಿರುದ್ಯೋಗ ಜಾಸ್ತಿ ಇರುವ ಪ್ರದೇಶಕ್ಕೆ, ಶೇ 2 ಮೂಲಸೌಕರ್ಯಕ್ಕೆ ಅಂತ ತೆಗೆದಿಟ್ಟರು. ಈ ಮೂರರಲ್ಲಿ ಹೂಡಿಕೆ 8,00,000 ಡಾಲರ್. ಉಳಿದ ಕಡೆ 10,50,000. ಜೊತೆಗೆ ಕನಿಷ್ಠ 10 ಉದ್ಯೋಗ ಹುಟ್ಟಬೇಕು.

ಮೀಸಲಿಲ್ಲದ ಹಳೆಯ ವಿಭಾಗದಲ್ಲಿ ಚೀನಾ ಮತ್ತು ಭಾರತಕ್ಕೆ ವರ್ಷಗಟ್ಟಲೆ ಕ್ಯೂ ಇದೆ. 2025ರ ವೀಸಾ ಬುಲೆಟಿನ್‌ಗಳಲ್ಲಿ (ಅಮೆರಿಕದ ತಿಂಗಳ ಸರದಿ ಪಟ್ಟಿ) ಮೀಸಲು ವಿಭಾಗಗಳು ಮಾತ್ರ ಎಲ್ಲ ದೇಶಕ್ಕೂ ತೆರೆದೇ ಇದ್ದವು. ಗ್ರಾಮೀಣ ಅರ್ಜಿಯನ್ನು ಮೊದಲು ನೋಡಬೇಕು ಅಂತ ಕಾನೂನಿನಲ್ಲೇ ಬರೆದಿದೆ. ಎಲ್ಲರೂ ಅದೇ ಬಾಗಿಲಿಗೆ ನುಗ್ಗುತ್ತಿರುವುದರಿಂದ ಅಲ್ಲೂ ಕ್ಯೂ ಹುಟ್ಟುವ ದಿನ ದೂರವಿಲ್ಲ ಅಂತ ನನ್ನ ಅನಿಸಿಕೆ. ಇನ್ನೊಂದು ವಿಷಯ: ಬೇಗ ಆಗುತ್ತದೆ ಅಂತ ಮಾತ್ರ ನೋಡಿ ಯೋಜನೆ ಆರಿಸಬೇಡಿ. ವೀಸಾ ಸಿಕ್ಕು ದುಡ್ಡು ಮುಳುಗಿದರೆ ಯಾರಿಗೆ ಹೇಳುತ್ತೀರಿ?

ವೀಸಾ ಬುಲೆಟಿನ್ ಓದುವುದು ಹೇಗೆ?

ಅಮೆರಿಕದ ವಿದೇಶಾಂಗ ಇಲಾಖೆ ಇದನ್ನು ತಿಂಗಳಿಗೊಮ್ಮೆ ಹೊರಡಿಸುತ್ತದೆ. ಐದನೇ ಆದ್ಯತೆಯ, ಅಂದರೆ ಇಬಿ-5ರ ಸಾಲು ನೋಡಿ, ಭಾರತದ ಕಾಲಂಗೆ ಬನ್ನಿ. ಅಲ್ಲಿ 'ಸಿ' ಅಂತಿದ್ದರೆ ಕ್ಯೂ ಇಲ್ಲ. ತಾರೀಕು ಇದ್ದರೆ, ಅದಕ್ಕಿಂತ ಮೊದಲು ಅರ್ಜಿ ಹಾಕಿದವರ ಸರದಿ ಮಾತ್ರ ಬಂದಿದೆ ಅಂತ ಅರ್ಥ. ನಿಮ್ಮ ತಾರೀಕು ಅಂದರೆ ನಿಮ್ಮ ಐ-526ಇ ಫಾರಂ (ಇಬಿ-5ರ ಹೂಡಿಕೆ ಅರ್ಜಿ) ಸಲ್ಲಿಕೆಯಾದ ದಿನ. ಆ ರಸೀದಿಯನ್ನು ಜೋಪಾನ ಮಾಡಿ.

ತಾರೀಕು ಮುಂದೆ ಮಾತ್ರ ಹೋಗುತ್ತದೆ ಅಂದುಕೊಳ್ಳಬೇಡಿ. ಬೇಡಿಕೆ ಜಾಸ್ತಿಯಾದರೆ ಹಿಂದಕ್ಕೂ ಬರುತ್ತದೆ. ಅವರ ವರ್ಷ ಶುರುವಾಗುವುದು ಅಕ್ಟೋಬರ್ 1ಕ್ಕೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಕೋಟಾ ಖಾಲಿಯಾಗಿ ಎಲ್ಲ ನಿಂತುಬಿಡುವುದು ಹೊಸದೇನಲ್ಲ.

ನಮ್ಮ ಸಂಬಂಧಿಕರದ್ದು ಬೇಗ ಪಾಸಾಯಿತು, ನಮ್ಮದು ಇನ್ನೂ ಇಲ್ಲ. ಇಬ್ಬರೂ ಭಾರತದವರೇ ಅಲ್ವಾ?

ಇದು ದುಡ್ಡಿನ ಮೂಲದ ಪ್ರಶ್ನೆ. ನನ್ನ ಅನುಭವದಲ್ಲಿ ಕೋಟಾಕ್ಕಿಂತ ಜಾಸ್ತಿ ಸತಾಯಿಸುವುದು ಇದೇ.

ಸಂಬಳದವರ ಫೈಲು ತೆಳ್ಳಗಿರುತ್ತದೆ. ಏಳು ವರ್ಷದ ತೆರಿಗೆ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್, ಶೇರು ಮಾರಿದ ಕಾಗದ, ಮುಗಿಯಿತು. ನಮ್ಮ ಹೋಟೆಲಿನವರದ್ದು ಹಾಗಲ್ಲ. ಒಂದು ಫೈಲು ಹೀಗಿತ್ತು. ಊರಿನ ಜಾಗ ಮಾರಿದ ಹಣ. ಆ ಜಾಗ ಅಜ್ಜನಿಗೆ 1974ರ ಭೂಸುಧಾರಣೆಯ ನಂತರ ಡಿಕ್ಲರೇಶನ್‌ನಲ್ಲಿ ಬಂದದ್ದು. ಹಾಗಾಗಿ ಫಾರಂ 7 (ಗೇಣಿದಾರನ ಅರ್ಜಿ), ಟ್ರಿಬ್ಯುನಲ್ ಆದೇಶ, ಫಾರಂ 10 (ಹಕ್ಕಿನ ಪ್ರಮಾಣಪತ್ರ). ಅಜ್ಜ ತೀರಿಕೊಂಡ ಮೇಲೆ ಪಾಲುಪಟ್ಟಿ. ಪಾಲುಪಟ್ಟಿಯಲ್ಲಿ ಇಬ್ಬರು ಅತ್ತೆಯಂದಿರ ಸಹಿ, ಒಬ್ಬರ ಹೆಬ್ಬೆಟ್ಟು. ಆಮೇಲೆ ಮ್ಯುಟೇಶನ್, ಪಹಣಿ, ಕ್ರಯಪತ್ರ. ಇಷ್ಟೂ ಕನ್ನಡದಲ್ಲಿ, ಅರ್ಧ ಕೈಬರಹದಲ್ಲಿ. ಪ್ರತಿ ಹಾಳೆಗೂ ಇಂಗ್ಲಿಷ್ ಅನುವಾದ, ಅನುವಾದಕರ ದೃಢೀಕರಣ. ಅಳಿಯಸಂತಾನ ಕುಟುಂಬದ ಆಸ್ತಿಯಾದರೆ ಪಾಲು ತಾಯಿಯ ಕಡೆಯಿಂದ ಹೇಗೆ ಬಂತು ಅಂತ ವಕೀಲರ ಒಂದು ಟಿಪ್ಪಣಿಯೂ ಬೇಕು. ಇಲ್ಲದಿದ್ದರೆ ಅಲ್ಲಿ ಕೂತ ಅಧಿಕಾರಿಗೆ ಮಾವನ ಆಸ್ತಿ ಅಳಿಯನಿಗೆ ಯಾಕೆ ಬಂತು ಅಂತ ಅರ್ಥವಾಗುವುದಿಲ್ಲ.

ಮುಂಬೈ ಕಡೆಯ ತೊಡಕು ಬೇರೆ. ಹೋಟೆಲನ್ನು ಕಂಡಕ್ಟ್‌ಗೆ (ನಡೆಸಲು ಬೇರೆಯವರಿಗೆ) ಕೊಟ್ಟಿರುತ್ತಾರೆ, ಅಗ್ರಿಮೆಂಟ್ ಇರುವುದು ತಮ್ಮನ ಹೆಸರಲ್ಲಿ. ದಾದರ್‌ನ ಪಗಡಿ ಗಾಳಾ (ಹಳೆಯ ಬಾಡಿಗೆ ಹಕ್ಕಿನ ಅಂಗಡಿ ಜಾಗ) ಮಾರಿದ್ದಾರೆ, ಕಾಗದದಲ್ಲಿ ಒಂದು ಮೊತ್ತ, ಕೈಯಲ್ಲಿ ಬಂದದ್ದು ಇನ್ನೊಂದು. ಕಾಗದದಲ್ಲಿಲ್ಲದ ದುಡ್ಡು ಈ ಫೈಲಿಗೆ ಇಲ್ಲದ ದುಡ್ಡೇ. ಅದನ್ನು ಯಾವುದೋ ಸಾಲದ ರೂಪದಲ್ಲಿ ತುರುಕಲು ಹೋದರೆ ಪ್ರಶ್ನೆಪತ್ರ ಬರುತ್ತದೆ. ಉತ್ತರ ಕೊಡುವಷ್ಟರಲ್ಲಿ ತಿಂಗಳುಗಳು ಹೋಗುತ್ತವೆ. ಕೊನೆಗೆ ಅರ್ಜಿಯೂ ಹೋಗಬಹುದು.

8,00,000 ಡಾಲರ್ ಒಂದೇ ಸಲ ಕಳಿಸಬಹುದಾ?

ಒಬ್ಬರೇ ಕಳಿಸಲು ಆಗುವುದಿಲ್ಲ. ವಿದೇಶಕ್ಕೆ ಹಣ ಕಳಿಸಲು ಇರುವ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಲ್ಲಿ ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್ ಮಿತಿ. ಅಪ್ಪ, ಅಮ್ಮ, ಇಬ್ಬರು ಮಕ್ಕಳು ಸೇರಿದರೆ 10,00,000. ಮಕ್ಕಳು ಚಿಕ್ಕವರಿದ್ದರೂ ಪೋಷಕರು ಸಹಿ ಹಾಕಿ ಕಳಿಸಬಹುದು. ಗಂಡ ಹೆಂಡತಿ ಇಬ್ಬರೇ ಇದ್ದರೆ ಮಾರ್ಚ್ ಕೊನೆಯಲ್ಲಿ 5,00,000, ಏಪ್ರಿಲ್ ಮೊದಲ ವಾರ ಉಳಿದದ್ದು. ಈ ಕಾರಣಕ್ಕೇ ನಮ್ಮ ಆಫೀಸಿನಲ್ಲಿ ಮಾರ್ಚ್ ತಿಂಗಳಲ್ಲಿ ಕೂರಲು ಜಾಗ ಇರುವುದಿಲ್ಲ. ಮನೆಯವರ ಹೆಸರಿಗೆ ಹಣ ಹಾಕಿದರೆ ಗಿಫ್ಟ್ ಡೀಡ್ ಮರೆಯಬೇಡಿ. ಅದೂ ಮೂಲದ ಲೆಕ್ಕಕ್ಕೆ ಬರುತ್ತದೆ.

ಟಿಸಿಎಸ್ (ಹಣ ಕಳಿಸುವಾಗಲೇ ಬ್ಯಾಂಕ್ ಹಿಡಿಯುವ ತೆರಿಗೆ) ಬಗ್ಗೆ ಮೊದಲೇ ತಿಳಿದುಕೊಳ್ಳಿ. 2025ರ ಏಪ್ರಿಲ್‌ನಿಂದ ಒಬ್ಬರಿಗೆ 10 ಲಕ್ಷ ರೂಪಾಯಿ ದಾಟಿದ ಮೊತ್ತದ ಮೇಲೆ, ಹೂಡಿಕೆಗೆ ಕಳಿಸುವಾಗ, ಶೇ 20 ಬ್ಯಾಂಕ್ ಹಿಡಿಯುತ್ತದೆ. ಡಾಲರ್‌ಗೆ 90 ರೂಪಾಯಿ ಅಂತ ಲೆಕ್ಕ ಹಾಕಿದರೆ 8,00,000 ಡಾಲರ್ ಅಂದರೆ 7.2 ಕೋಟಿ. ನಾಲ್ಕು ಜನ ಸೇರಿ ಕಳಿಸಿದರೂ ಟಿಸಿಎಸ್ ಸುಮಾರು 1.36 ಕೋಟಿ. ರಿಟರ್ನ್ ಹಾಕಿದಾಗ ತೆರಿಗೆಗೆ ಹೊಂದಿಸಿಕೊಳ್ಳಬಹುದು, ಹೆಚ್ಚಾದದ್ದು ವಾಪಸ್ ಬರುತ್ತದೆ. ಆದರೆ ಅಲ್ಲಿಯವರೆಗೆ ಆ ದುಡ್ಡು ನಿಮ್ಮ ಕೈಯಲ್ಲಿ ಇರುವುದಿಲ್ಲ. ಎಷ್ಟೋ ಜನ 8,00,000 ಹೊಂದಿಸಿ ಇಲ್ಲಿಗೆ ಬಂದು ನಿಲ್ಲುತ್ತಾರೆ.

ಮಗ ಅಮೆರಿಕದಲ್ಲೇ ಎಚ್-1ಬಿ ಕೆಲಸದ ವೀಸಾದಲ್ಲಿದ್ದಾನೆ. ಅವನಿಗೂ ಇಷ್ಟೇ ಕಾಯಬೇಕಾ?

ಪುಣೆಯ ಅಪ್ಪ ಅಮ್ಮಂದಿರ ಪ್ರಶ್ನೆ ಇದು. ಕಾನೂನುಬದ್ಧ ವೀಸಾದಲ್ಲಿ ಅಲ್ಲೇ ಇರುವವರಿಗೆ 2022ರಿಂದ ಒಂದು ಅನುಕೂಲ ಇದೆ. ಆ ವಿಭಾಗದಲ್ಲಿ ಅವನ ದೇಶಕ್ಕೆ ಕ್ಯೂ ಇಲ್ಲದಿದ್ದರೆ, ಹೂಡಿಕೆ ಅರ್ಜಿಯ ಜೊತೆಗೇ ಗ್ರೀನ್ ಕಾರ್ಡ್ ಅರ್ಜಿಯನ್ನೂ ಹಾಕಬಹುದು. ಅದು ಬಾಕಿ ಇರುವಾಗಲೇ ಕೆಲಸದ ಪರವಾನಗಿ, ಪ್ರಯಾಣದ ಪರವಾನಗಿ ಕೇಳಬಹುದು. ಕಂಪನಿ ಕೆಲಸ ಹೋದರೆ ಗತಿ ಏನು ಅನ್ನುವ ಹೆದರಿಕೆ ಕಡಿಮೆಯಾಗುತ್ತದೆ. ದುಡ್ಡು ನೀವು ಗಿಫ್ಟ್ ಕೊಡಬಹುದು. ಆಗ ಮೂಲ ತೋರಿಸಬೇಕಾದವರು ನೀವು.

ಮಗಳಿಗೆ ಈಗ 19. ಸಮಯಕ್ಕೆ ಆಗುತ್ತದಾ?

21 ದಾಟಿದರೆ ಅವಳು ನಿಮ್ಮ ಅರ್ಜಿಯಿಂದ ಹೊರಗೆ. ಆದರೆ ನಿಮ್ಮ ಐ-526ಇ ಎಷ್ಟು ದಿನ ಬಾಕಿ ಇತ್ತೋ ಅಷ್ಟು ದಿನವನ್ನು ಅವಳ ವಯಸ್ಸಿನಿಂದ ಕಳೆಯುತ್ತಾರೆ. ವಿಚಿತ್ರ ನೋಡಿ, ಇಲ್ಲಿ ಅರ್ಜಿ ನಿಧಾನವಾದರೆ ಒಳ್ಳೆಯದು. ವಯಸ್ಸು ತಿನ್ನುವುದು ಅರ್ಜಿ ಪಾಸಾದ ಮೇಲಿನ ದೇಶದ ಕ್ಯೂ. ಹಾಗಾಗಿ ದೊಡ್ಡ ಮಕ್ಕಳಿರುವ ಭಾರತೀಯರು ಮೀಸಲಿಲ್ಲದ ವಿಭಾಗದ ಕಡೆ ತಲೆ ಹಾಕದಿರುವುದೇ ಮೇಲು. ಇನ್ನೂ ಕಾಲೇಜು ಮೆಟ್ಟಿಲು ಹತ್ತದ ಮಕ್ಕಳಿದ್ದರೆ ಅಷ್ಟು ಗಾಬರಿ ಬೇಡ.

ಪಾಕಿಸ್ತಾನದವರಿಗೆ ಸಿಗುವ ಇ-2 ವೀಸಾ ನಮಗೆ ಯಾಕಿಲ್ಲ?

ಇ-2 ಅಂದರೆ ಅಮೆರಿಕದಲ್ಲಿ ವ್ಯವಹಾರಕ್ಕೆ ದುಡ್ಡು ಹಾಕಿ ಅದನ್ನು ನಡೆಸಲು ಹೋಗುವವರ ತಾತ್ಕಾಲಿಕ ವೀಸಾ, ದೇಶಗಳ ನಡುವಿನ ಒಪ್ಪಂದದ ಮೇಲೆ ನಿಂತದ್ದು. ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ ಪಟ್ಟಿಯಲ್ಲಿವೆ. ಭಾರತ ಅಮೆರಿಕದ ಜೊತೆ ಅಂಥ ಒಪ್ಪಂದ ಮಾಡಿಕೊಂಡಿಲ್ಲ. ಚೀನಾಕ್ಕೂ ಇಲ್ಲ. ಇಲ್ಲಿ ಹುಟ್ಟಿದ ಊರು ಮುಖ್ಯವಲ್ಲ, ಪಾಸ್‌ಪೋರ್ಟ್ ಮುಖ್ಯ. ಅದಕ್ಕೇ ಮೊದಲು ಕೆಲವರು ಆ ಪಟ್ಟಿಯಲ್ಲಿರುವ ಪುಟ್ಟ ದ್ವೀಪ ದೇಶ ಗ್ರೆನಡಾದ ಪೌರತ್ವ ಕೊಂಡು ಈ ದಾರಿ ಹಿಡಿಯುತ್ತಿದ್ದರು. 2022ರ ಡಿಸೆಂಬರ್‌ನಲ್ಲಿ ಅದಕ್ಕೂ ಬೇಲಿ ಬಿತ್ತು: ಹೂಡಿಕೆಯಿಂದ ಪೌರತ್ವ ಪಡೆದವರು ಆ ದೇಶದಲ್ಲಿ ಮೂರು ವರ್ಷ ನೆಲೆಸಿರಬೇಕು. ಈಗಲೂ "ಗ್ರೆನಡಾ ಮಾಡಿಸಿ, ಆರು ತಿಂಗಳಲ್ಲಿ ಅಮೆರಿಕ" ಅನ್ನುವವರು ಸಿಗುತ್ತಾರೆ. ಈ ಮೂರು ವರ್ಷದ ಮಾತು ಎತ್ತಿ ನೋಡಿ, ಮುಖ ನೋಡುವ ಹಾಗಿರುತ್ತದೆ.

ನಾವು ಗೋವಾದವರು, ಹೆಂಡತಿಯ ಮನೆಯವರಿಗೆ ಪೋರ್ಚುಗಲ್ ಪಾಸ್‌ಪೋರ್ಟ್ ಇದೆ. ಅದರಿಂದ ಅಮೆರಿಕಕ್ಕೆ ಬೇಗ ಆಗುತ್ತದಾ?

1961ರ ಡಿಸೆಂಬರ್ 19ಕ್ಕೆ ಮೊದಲು ಗೋವಾದಲ್ಲಿ ಹುಟ್ಟಿದವರ ಕುಟುಂಬಗಳಿಗೆ ಈ ಹಕ್ಕು ಇದೆ. ಘಟ್ಟದ ಮೇಲಿಂದ ವಾಸ್ಕೋ, ಮಡಗಾಂವ್‌ಗೆ ಆಮೇಲೆ ಹೋದ ಕನ್ನಡಿಗರಿಗೆ ಅದು ಬರುವುದು ಮದುವೆಯ ಸಂಬಂಧದಿಂದ ಮಾತ್ರ.

ಇಬಿ-5ಕ್ಕೆ ಆ ಪಾಸ್‌ಪೋರ್ಟಿನಿಂದ ಪ್ರಯೋಜನ ಇಲ್ಲ. ಇವತ್ತಿನ ಗೋವಾದಲ್ಲಿ ಹುಟ್ಟಿದವಳು ಭಾರತದ ಲೆಕ್ಕಕ್ಕೇ. ಇ-2ಗೆ ಮಾತ್ರ ಪ್ರಯೋಜನ ಇದೆ. 2022ರ ಡಿಸೆಂಬರ್‌ನ ಅದೇ ಕಾನೂನು ಪೋರ್ಚುಗಲ್ಲನ್ನು ಒಪ್ಪಂದದ ಪಟ್ಟಿಗೆ ಸೇರಿಸಿತು, ಮತ್ತು ವಂಶದಿಂದ ಬಂದ ಪೌರತ್ವಕ್ಕೆ ಮೂರು ವರ್ಷದ ಷರತ್ತು ತಾಗುವುದಿಲ್ಲ. ಇ-2 ಗ್ರೀನ್ ಕಾರ್ಡ್ ಅಲ್ಲ ಅನ್ನುವುದು ನೆನಪಿರಲಿ. ಪೋರ್ಚುಗಲ್ ಪೌರತ್ವ ತೆಗೆದುಕೊಂಡರೆ ಭಾರತದ್ದು ಹೋಗುತ್ತದೆ, ಎರಡನ್ನೂ ಇಟ್ಟುಕೊಳ್ಳಲು ನಮ್ಮ ಕಾನೂನು ಬಿಡುವುದಿಲ್ಲ.

ಪೋರ್ಚುಗಲ್, ಗ್ರೀಸ್‌ನ ಗೋಲ್ಡನ್ ವೀಸಾಕ್ಕೆ ದೇಶವಾರು ಕ್ಯೂ ಇದೆಯಾ?

ಕೋಟಾ ಇಲ್ಲ. ಪೋರ್ಚುಗಲ್‌ನಲ್ಲಿ 2023ರ ಅಕ್ಟೋಬರ್‌ನಿಂದ ಮನೆ ಕೊಂಡು ವೀಸಾ ಪಡೆಯುವ ದಾರಿ ಬಂದ್. ಈಗ ಜನ ಜಾಸ್ತಿ ಹಿಡಿಯುವುದು 5,00,000 ಯೂರೋ ಫಂಡ್ ದಾರಿ. ಅದೇ ತಿಂಗಳು ಹಳೆಯ ವಲಸೆ ಇಲಾಖೆ ಮುಚ್ಚಿ ಐಮಾ ಅನ್ನುವ ಹೊಸ ಸಂಸ್ಥೆ ಬಂತು, ಬೆಟ್ಟದಷ್ಟು ಬಾಕಿ ಅರ್ಜಿಗಳ ಸಮೇತ. ಅಲ್ಲಿನ ವಿಳಂಬ ಎಲ್ಲರಿಗೂ ಒಂದೇ. ಗ್ರೀಸ್‌ನಲ್ಲಿ ಮನೆಯ ದಾರಿ ಇನ್ನೂ ಇದೆ. ಅಥೆನ್ಸ್, ಥೆಸಲೋನಿಕಿ, ಸ್ಯಾಂಟೊರಿನಿಯಂಥ ಕಡೆ 8,00,000 ಯೂರೋ, ಉಳಿದ ಬಹಳಷ್ಟು ಕಡೆ 4,00,000.

ಭಾರತೀಯರಿಗೆ ತಡವಾಗುವುದು ಬೇರೆ ಕಾರಣಕ್ಕೆ. ಬೆರಳಚ್ಚು ಕೊಡಲು ಅಲ್ಲಿಗೇ ಹೋಗಬೇಕು. ಅಮೆರಿಕದವನು ಟಿಕೆಟ್ ತೆಗೆದು ಹೋಗುತ್ತಾನೆ. ನಮಗೆ ಅದಕ್ಕೂ ಮೊದಲು ಷೆಂಗೆನ್ ವೀಸಾ ಬೇಕು. ಏಪ್ರಿಲ್, ಮೇಯಲ್ಲಿ ರಜೆಗೆ ಹೊರಟವರ ನಡುವೆ ಮುಂಬೈಯಲ್ಲಿ ಅಪಾಯಿಂಟ್‌ಮೆಂಟ್ ಹಿಡಿಯುವುದು ಸುಮ್ನೆ ಮಾತಲ್ಲ.

ದುಬೈ ಗೋಲ್ಡನ್ ವೀಸಾ 23 ಲಕ್ಷಕ್ಕೆ ಸಿಗುತ್ತದಂತೆ ಹೌದಾ?

ಸುಳ್ಳು. 2025ರ ಜುಲೈನಲ್ಲಿ ಆ ಸುದ್ದಿ ಪ್ರತಿಯೊಂದು ವಾಟ್ಸಾಪ್ ಗುಂಪಿನಲ್ಲೂ ಓಡಾಡಿತು. ಯುಎಇ ಸರ್ಕಾರವೇ ಅದನ್ನು ಅಲ್ಲಗಳೆಯಿತು. ಆಸ್ತಿಯ ದಾರಿಯಲ್ಲಿ 20 ಲಕ್ಷ ದಿರ್ಹಾಮ್ ಮೌಲ್ಯ ಇರಬೇಕು, ವೀಸಾ 10 ವರ್ಷಕ್ಕೆ. ಅದು ಸುಮಾರು 5,45,000 ಡಾಲರ್. ಗಂಡ ಹೆಂಡತಿ ಇಬ್ಬರ ಒಂದು ವರ್ಷದ ಎಲ್‌ಆರ್‌ಎಸ್ ಮಿತಿಗಿಂತ ಸ್ವಲ್ಪ ಮೇಲೆ. ಉಳಿದ ಎಲ್ಲ ದೇಶಗಳಿಗೆ ಹೋಲಿಸಿದರೆ ಅಲ್ಲಿ ಕೆಲಸ ಬೇಗ ಆಗುತ್ತದೆ, ಅದು ನಿಜ. ತಡ ಆಗುವುದು ನಮ್ಮ ಬ್ಯಾಂಕಿನಲ್ಲಿ.

ಬ್ರಿಟನ್, ಆಸ್ಟ್ರೇಲಿಯಾ, ಕೆನಡಾ, ಸ್ಪೇನ್?

ಬ್ರಿಟನ್ನಿನ 20 ಲಕ್ಷ ಪೌಂಡ್ ಹೂಡಿಕೆ ವೀಸಾ 2022ರ ಫೆಬ್ರವರಿಯಲ್ಲಿ ಮುಚ್ಚಿತು. ಐರ್ಲೆಂಡ್ 2023ರಲ್ಲಿ. ಆಸ್ಟ್ರೇಲಿಯಾ 2024ರ ಜುಲೈನಲ್ಲಿ. ಸ್ಪೇನ್ 2025ರ ಏಪ್ರಿಲ್‌ನಲ್ಲಿ. ಕೆನಡಾದ ಕೇಂದ್ರ ಹೂಡಿಕೆ ಯೋಜನೆ 2014ರಲ್ಲೇ ಹೋಯಿತು. ಹಳೆಯ ಬ್ರೋಷರ್ ಹಿಡಿದು ಬರುವವರು ಇನ್ನೂ ಇದ್ದಾರೆ. ಬ್ರಿಟನ್‌ನಲ್ಲಿ ಈಗ ಉಳಿದಿರುವುದು ಇನ್ನೊವೇಟರ್ ಫೌಂಡರ್, ಅಂದರೆ ಹೊಸ ವ್ಯವಹಾರ ಶುರು ಮಾಡುವವರ ವೀಸಾ. ದುಡ್ಡಿಗಿಂತ ವ್ಯವಹಾರದ ಯೋಚನೆಗೆ ಅಲ್ಲಿ ಬೆಲೆ. ಭಾರತದಿಂದ ಹೋಗುವವರು ಅದಕ್ಕೆ ಕ್ಷಯರೋಗದ ಪರೀಕ್ಷೆ ಮಾಡಿಸಬೇಕು. ಅಮೆರಿಕದವರಿಗೆ ಅದೂ ಇಲ್ಲ.

ಟ್ರಂಪ್ ಅವರ ಗೋಲ್ಡ್ ಕಾರ್ಡ್‌ನಲ್ಲಿ ಈ ಕ್ಯೂ ತಪ್ಪುತ್ತದಾ?

2025ರ ಸೆಪ್ಟೆಂಬರ್‌ನಲ್ಲಿ ಆದೇಶ ಬಂತು. 10 ಲಕ್ಷ ಡಾಲರ್ ಅಲ್ಲಿ ಹೂಡಿಕೆಯಲ್ಲ, ದಾನ. ವಾಪಸ್ ಬರುವ ಮಾತಿಲ್ಲ. ವೀಸಾ ಕೊಡುವುದು ಇಬಿ-1, ಇಬಿ-2 ಅನ್ನುವ ಉದ್ಯೋಗ ಆಧಾರಿತ ವಿಭಾಗಗಳಲ್ಲಿ. ಆ ಎರಡರಲ್ಲೂ ಭಾರತದ ಕ್ಯೂ ಎಷ್ಟು ಉದ್ದ ಅಂತ ಪುಣೆಯ ಯಾವ ಐಟಿ ಹುಡುಗನನ್ನು ಕೇಳಿದರೂ ಹೇಳುತ್ತಾನೆ.

ಎಲ್ಲ ಪಾಸಾದ ಮೇಲೆ ಮುಂಬೈಯಲ್ಲಿ ಎಷ್ಟು ಹೊತ್ತು?

ಸಂದರ್ಶನ ಬಿಕೆಸಿಯ ಅಮೆರಿಕನ್ ಕಾನ್ಸುಲೇಟ್‌ನಲ್ಲಿ. ಅಲ್ಲಿ ತಡೆಯುವುದು ಸಣ್ಣ ಕಾಗದಗಳು. ಪಾಸ್‌ಪೋರ್ಟ್ ಆಫೀಸಿನ ಪೊಲೀಸ್ ಕ್ಲಿಯರೆನ್ಸ್ ಬೇಕು. ಗಲ್ಫ್‌ನಲ್ಲಿ ಒಂದು ವರ್ಷದ ಮೇಲೆ ಇದ್ದವರು ಆ ದೇಶದ್ದನ್ನೂ ತರಿಸಬೇಕು. ಅದನ್ನು ಮೊದಲೇ ಶುರು ಮಾಡಿ.

ಹೆಸರಿನ ಗೋಳು ಬೇರೆಯೇ ಇದೆ. ಊರಿನ ಶಾಲೆಯ ದಾಖಲೆಯಲ್ಲಿ ಇನಿಶಿಯಲ್. ಮುಂಬೈಯಲ್ಲಿ ಮಾಡಿಸಿದ ಪ್ಯಾನ್ ಕಾರ್ಡಿನಲ್ಲಿ ಇಲ್ಲಿಯ ರೂಢಿಯಂತೆ ನಡುವೆ ಅಪ್ಪನ ಅಥವಾ ಗಂಡನ ಹೆಸರು. ಪಹಣಿಯಲ್ಲಿ ಇನ್ನೊಂದು. ಮೂರೂ ಒಬ್ಬರೇ ಅಂತ ಅಫಿಡವಿಟ್ ಬೇಕು. ಮನೆಯಲ್ಲೇ ಹುಟ್ಟಿ ಜನನ ನೋಂದಣಿ ಆಗದ ಹಿರಿಯರು ನೋಂದಣಾಧಿಕಾರಿಯಿಂದ ದಾಖಲೆ ಲಭ್ಯವಿಲ್ಲ ಅನ್ನುವ ಪತ್ರ ತರಬೇಕು, ಜೊತೆಗೆ ಹುಟ್ಟು ಬಲ್ಲ ಹಿರಿಯ ಸಂಬಂಧಿಕರ ಪ್ರಮಾಣಪತ್ರ. ಇದಕ್ಕೆ ಒಂದು ಸಲ ಊರಿಗೆ ಹೋಗಿ ಬರುವುದೇ ವಾಸಿ. ಫೋನಿನಲ್ಲಿ ಆಗುವ ಕೆಲಸವಲ್ಲ.

ಜಾಸ್ತಿ ದುಡ್ಡು ಕೊಟ್ಟರೆ ಬೇಗ ಮಾಡಿಸಬಹುದಾ?

ಐ-526ಇಗೆ ಪ್ರೀಮಿಯಂ ಪ್ರೊಸೆಸಿಂಗ್ ಇಲ್ಲ. ಹಾಗಂತ ಸುಮ್ನೆ ಕೂರುವ ಹಾಗೂ ಇಲ್ಲ. 2026ರ ಸೆಪ್ಟೆಂಬರ್ 30ರ ಒಳಗೆ ಹಾಕಿದ ಅರ್ಜಿಗಳಿಗೆ, ಮುಂದೆ ಇಬಿ-5 ಯೋಜನೆಯೇ ನಿಂತರೂ ವಿಚಾರಣೆ ಮುಂದುವರಿಯುತ್ತದೆ ಅನ್ನುವ ರಕ್ಷಣೆ ಕಾನೂನಿನಲ್ಲಿದೆ. 2027ರ ಜನವರಿ 1ರಿಂದ ಹೂಡಿಕೆಯ ಮೊತ್ತವೂ ಹಣದುಬ್ಬರಕ್ಕೆ ತಕ್ಕಂತೆ ಬದಲಾಗಬೇಕು ಅಂತ ಬರೆದಿದೆ. ಈ ತಾರೀಕುಗಳನ್ನು ತೋರಿಸಿ ಏಜೆಂಟರು ಅವಸರ ಮಾಡುತ್ತಾರೆ. ತಾರೀಕು ನಿಜ. ಆದರೆ ಪಾಲುಪಟ್ಟಿಯ ಅನುವಾದ ಇನ್ನೂ ಆಗಿಲ್ಲ ಅಂತಾದರೆ ಮೊದಲು ಅದನ್ನು ಮುಗಿಸಿ, ಆಮೇಲೆ ಸಹಿ ಹಾಕಿ.